ಕಾರ್ಡ್ ಕೈಯಲ್ಲಿದೆ, ಗೇಮ್ ಎಲ್ಲಿದೆ?

ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ಸ್ವಿಚ್ 2 ಮಾರಾಟಕ್ಕೆ ಬಂದದ್ದು 2025ರ ಜೂನ್ 5ರಂದು. ಅದರ ಜೊತೆಗೆ 'ಗೇಮ್-ಕೀ ಕಾರ್ಡ್' ಎಂಬ ಹೊಸ ವಸ್ತುವೂ ಬಂತು. ಡಬ್ಬಿ ಕೊಳ್ಳುತ್ತೀರಿ, ಅದರಲ್ಲಿ ಕಾರ್ಡ್ ಇರುತ್ತದೆ, ಅದನ್ನು ಕನ್ಸೋಲ್‌ಗೆ ಹಾಕುತ್ತೀರಿ. ಆದರೆ ಆ ಕಾರ್ಡಿನಲ್ಲಿ ಗೇಮ್ ಇಲ್ಲ! ಇದೇನು ವಿಚಿತ್ರ ಅಂತ ಬಹಳ ಜನರಿಗೆ ಗೊಂದಲವಾಗಿದೆ. ಕೆಲವರು ಇದನ್ನು ನೇರವಾಗಿ ಮೋಸ ಎನ್ನುತ್ತಾರೆ. ಹೇಗೂ ಎಲ್ಲರೂ ಡೌನ್‌ಲೋಡ್ ಮಾಡಿಕೊಂಡೇ ಆಡುವ ಕಾಲ, ಇದರಲ್ಲಿ ಹೊಸದೇನಿದೆ ಎಂದು ಇನ್ನು ಕೆಲವರು ಕೇಳುತ್ತಾರೆ. ಇದೇ ಹೊತ್ತಿನಲ್ಲಿ ಮೂವತ್ತು ವರ್ಷ ದಾಟಿದ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ್ದೇ ಯಂತ್ರ ಗೇಮ್ ಬಾಯ್‌ಗೆ ಹೊಸ ಪರದೆ ಹಾಕಿಕೊಂಡು ಆಡುವವರೂ ಇದ್ದಾರೆ.

ಈ ಎರಡೂ ಸುದ್ದಿಗಳಿಗೆ ನಂಟಿದೆ. ಆಟದ ಯಂತ್ರವೊಂದು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೂ ಅದರ ಚಿಪ್ಪಿನ ವೇಗಕ್ಕೂ ಸಂಬಂಧ ಕಡಿಮೆ. ಆ ಯಂತ್ರ ಓಡಲು ತನ್ನ ಹೊರಗಿನ ಯಾವುದನ್ನೆಲ್ಲ ನಂಬಿಕೊಂಡಿದೆ, ಮತ್ತು ಅದು ಕೆಟ್ಟಾಗ ಯಾರು ಸರಿಮಾಡಬಲ್ಲರು? ಬಾಳಿಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕೀ ಕಾರ್ಡಿನ ಜಗಳವನ್ನು ಇಲ್ಲಿಂದ ನೋಡಿದರೆ ಬೇಗ ತಿಳಿಯಾಗುತ್ತದೆ.

ಕೀ ಕಾರ್ಡ್ ಏನು ಮಾಡುತ್ತದೆ

ಮೊದಲು ತಪ್ಪು ತಿಳಿವಳಿಕೆಗಳನ್ನು ಬದಿಗಿಡೋಣ. ಕೀ ಕಾರ್ಡಿನಲ್ಲಿ ಇರುವುದು ಆಡುವ ಅನುಮತಿ ಮಾತ್ರ. ಮೊದಲ ಸಲ ಹಾಕಿದಾಗ ಕನ್ಸೋಲ್ ಇಂಟರ್ನೆಟ್ ಮೂಲಕ ನಿಂಟೆಂಡೊ ಸರ್ವರ್‌ನಿಂದ ಇಡೀ ಗೇಮನ್ನು ಇಳಿಸಿಕೊಳ್ಳುತ್ತದೆ. ಅದು ಒಳಗಿನ 256 ಜಿಬಿ ಜಾಗದಲ್ಲಿ ಅಥವಾ ನೀವು ಹಾಕಿದ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಒಮ್ಮೆ ಇಳಿದ ಮೇಲೆ ಆಡಲು ನೆಟ್ ಬೇಡ. ಆದರೆ ಆಡುವಾಗೆಲ್ಲ ಕಾರ್ಡ್ ಒಳಗೇ ಇರಬೇಕು.

ಈ ಕಾರ್ಡ್ ನಿಮ್ಮ ಖಾತೆಗೆ ಅಂಟಿಕೊಂಡಿಲ್ಲ. ಗೆಳೆಯರಿಗೆ ಕೊಡಬಹುದು, ಮಾರಬಹುದು. ಅವರೂ ತಮ್ಮ ಕನ್ಸೋಲ್‌ಗೆ ಹಾಕಿ, ಇಳಿಸಿಕೊಂಡು ಆಡಬಹುದು. ಹಾಗೆ ನೋಡಿದರೆ ಬರೀ ಡೌನ್‌ಲೋಡ್ ಕೋಡ್ ಇಟ್ಟ ಡಬ್ಬಿಗಿಂತ ಇದು ವಾಸಿ. ಕೋಡ್ ಒಮ್ಮೆ ಬಳಸಿದರೆ ಮುಗಿಯಿತು, ಉಳಿಯುವುದು ಖಾಲಿ ಡಬ್ಬಿ.

ಸ್ವಿಚ್ 2ರ ಎಲ್ಲ ಗೇಮ್‌ಗಳೂ ಹೀಗಲ್ಲ ಎಂಬುದನ್ನೂ ಹೇಳಬೇಕು. 'ಮಾರಿಯೊ ಕಾರ್ಟ್ ವರ್ಲ್ಡ್' ಪೂರ್ತಿಯಾಗಿ ಕಾರ್ಡಿನಲ್ಲೇ ಇದೆ. 'ಸೈಬರ್‌ಪಂಕ್ 2077'ರಂತಹ ದೊಡ್ಡ ಗೇಮ್ ಕೂಡ 64 ಜಿಬಿ ಕಾರ್ಡಿನಲ್ಲಿ ಬಂತು. 'ಸ್ಟ್ರೀಟ್ ಫೈಟರ್ 6' ಮಾತ್ರ ಕೀ ಕಾರ್ಡಾಗಿ ಬಂತು. ಯಾವುದು ಹೇಗೆ ಬರಬೇಕೆಂದು ತೀರ್ಮಾನಿಸುವುದು ಪ್ರಕಾಶಕ ಕಂಪನಿ. ಡಬ್ಬಿಯ ಮುಂಭಾಗದಲ್ಲಿ ಇದು ಕೀ ಕಾರ್ಡ್ ಎಂದು ಹೇಳುವ ಪಟ್ಟಿ ಇರುತ್ತದೆ. ಹಾಗಾಗಿ ಮುಚ್ಚಿಟ್ಟು ಮಾರಿದರು ಎಂಬ ದೂರು ನಿಲ್ಲುವುದಿಲ್ಲ.

ತೊಂದರೆ ಇರುವುದು ಇವತ್ತಿನಲ್ಲಲ್ಲ, ಸರ್ವರ್ ನಿಂತ ಮರುದಿನದಲ್ಲಿ.

1989ರ ಯಂತ್ರ ಈಗಲೂ ಏಕೆ ನಡೆಯುತ್ತದೆ

ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾದದ್ದು 1989ರ ಏಪ್ರಿಲ್ 21ರಂದು. ಆ ಕಾಲಕ್ಕೂ ಅದು ಬಡ ಯಂತ್ರವೇ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ. ಬಣ್ಣವಿಲ್ಲ, ಹಸಿರು ಛಾಯೆಯ ನಾಲ್ಕು ಹಂತ ಅಷ್ಟೇ. ಪರದೆಗೆ ಬೆಳಕೂ ಇಲ್ಲ. ಕೆಲಸಕ್ಕೆ ಸಿಗುವ ರ್ಯಾಮ್ 8 ಕಿಲೋಬೈಟ್. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೇ ಯೊಕೊಯಿ. ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ, ಅಗ್ಗವಾಗಿ ಸಿಗುವ, ಚೆನ್ನಾಗಿ ಪಳಗಿದ ಬಿಡಿಭಾಗಗಳನ್ನು ಹೊಸ ರೀತಿಯಲ್ಲಿ ಬಳಸಿ ಎಂಬುದು ಅವರ ನಿಲುವಾಗಿತ್ತು.

ಎದುರಾಳಿ ಸೇಗಾದ ಗೇಮ್ ಗೇರ್ 1990ರಲ್ಲಿ ಬಂತು. ಬಣ್ಣದ ಪರದೆ, ಹಿಂದೆ ದೀಪ. ಪಕ್ಕಪಕ್ಕ ಇಟ್ಟರೆ ಕಣ್ಣು ಹೋಗುವುದು ಅದರ ಕಡೆಗೇ. ಆದರೆ ಅದು ಆರು ಎಎ ಸೆಲ್‌ಗಳನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹದಿನೈದು ಗಂಟೆಗೂ ಜಾಸ್ತಿ ನಡೆಯುತ್ತಿತ್ತು. ಗೆದ್ದದ್ದು ಯಾವುದು ಎಂದು ಎಲ್ಲರಿಗೂ ಗೊತ್ತು. ಗೇಮ್ ಬಾಯ್ ಮತ್ತು ಗೇಮ್ ಬಾಯ್ ಕಲರ್ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಆ ಬಡತನವೇ ಇವತ್ತು ಅದರ ಬಲವಾಗಿದೆ. ಎಎ ಸೆಲ್ ಈಗಲೂ ಜಗತ್ತಿನ ಎಲ್ಲೆಡೆ ಸಿಗುತ್ತದೆ. ಕಂಪನಿಯ ವಿಶೇಷ ಬ್ಯಾಟರಿ ಬೇಕಿಲ್ಲ. ಗೇಮ್ ಪೂರ್ತಿಯಾಗಿ ಕಾರ್ಟ್ರಿಜ್‌ನೊಳಗಿನ ಮಾಸ್ಕ್ ರೋಮ್ ಚಿಪ್ಪಿನಲ್ಲಿದೆ. ಆ ಚಿಪ್ಪನ್ನು ತಯಾರಿಸುವಾಗಲೇ ದತ್ತಾಂಶವನ್ನು ಅದರ ರಚನೆಯಲ್ಲಿ ಮೂಡಿಸಿರುತ್ತಾರೆ. ಹಾಗಾಗಿ ಅದು ಸುಲಭವಾಗಿ ಅಳಿಸಿಹೋಗುವುದಿಲ್ಲ. ಕಾರ್ಟ್ರಿಜ್ ಹಾಕಿ ಸ್ವಿಚ್ ಒತ್ತಿದರೆ ಯಂತ್ರ ಯಾರನ್ನೂ ಕೇಳುವುದಿಲ್ಲ. ಖಾತೆಯಿಲ್ಲ, ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ತಯಾರಕರು ಆ ಯಂತ್ರವನ್ನು ಪೂರ್ತಿ ಮರೆತರೂ ಅದಕ್ಕೆ ಏನೂ ಆಗುವುದಿಲ್ಲ.

ಹಳೆಯದೆಲ್ಲ ಗಟ್ಟಿ ಅಂತೇನಿಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಲೇಬೇಕು. ಹಳೆಯ ಯಂತ್ರಗಳೂ ಸಾಯುತ್ತವೆ. ಗೇಮ್ ಗೇರ್‌ನ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಬಿಡಿಭಾಗಗಳು, ಸೋರುವುದು ಸಂಗ್ರಾಹಕರ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸೋರಿದ ದ್ರವ ಬೋರ್ಡನ್ನು ತಿನ್ನುತ್ತದೆ, ಧ್ವನಿ ಹೋಗುತ್ತದೆ, ಆಮೇಲೆ ಪರದೆ ಮಂಕಾಗುತ್ತದೆ. ಹಳೆಯ ಗೇಮ್ ಬಾಯ್‌ಗಳ ಪರದೆಯಲ್ಲಿ ಉದ್ದುದ್ದ ಗೆರೆಗಳು ಕಾಣೆಯಾಗುತ್ತವೆ, ಯಾಕೆಂದರೆ ಪರದೆಗೆ ಹೋಗುವ ರಿಬ್ಬನ್ ಕೇಬಲ್‌ನ ಅಂಟು ಬಿಡುತ್ತದೆ. ಮೊದಲ ಪೋಕೆಮಾನ್ ಕಾರ್ಟ್ರಿಜ್‌ಗಳಲ್ಲಿ ಆಟದ ಪ್ರಗತಿ ಉಳಿಯುವುದು ಒಳಗಿನ ಬಟನ್ ಸೆಲ್‌ನಿಂದ. ಸೆಲ್ ಮುಗಿದ ದಿನ ಸೇವ್ ಕೂಡ ಹೋಗುತ್ತದೆ.

ಹಳೆಯ ಹಾರ್ಡ್‌ವೇರ್ ಎಲ್ಲವೂ ಬಳಸಲು ಹಿತವಾಗಿಯೂ ಇರಲಿಲ್ಲ. 2001ರ ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಒಳ್ಳೆಯ ಗೇಮ್‌ಗಳಿದ್ದವು, ಆದರೆ ದೀಪದ ಕೆಳಗೆ ಓರೆಯಾಗಿ ಹಿಡಿಯದೆ ಅದರ ಪರದೆ ಕಾಣುತ್ತಿರಲಿಲ್ಲ. 2003ರಲ್ಲಿ ಬಂದ ಅಡ್ವಾನ್ಸ್ ಎಸ್‌ಪಿ ಅದನ್ನು ಸರಿಪಡಿಸಿತು. ಪರದೆಗೆ ಬೆಳಕು ಬಂತು, ಮಡಚಿದರೆ ಪರದೆಗೆ ರಕ್ಷಣೆ ಸಿಕ್ಕಿತು, ರೀಚಾರ್ಜ್ ಬ್ಯಾಟರಿಯೂ ಬಂತು. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಅದರಷ್ಟು ಜಾಣ ವಿನ್ಯಾಸ ಕಡಿಮೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಟರಿಯ ಮುಚ್ಚಳಕ್ಕೆ ಒಂದೇ ಸ್ಕ್ರೂ. ಹೊಸ ಬ್ಯಾಟರಿ ಹಾಕಲು ಎರಡು ನಿಮಿಷ ಸಾಕು.

ಇಲ್ಲಿ ಗಮನಿಸಬೇಕಾದದ್ದು ಕೆಡುವ ಬಗೆ. ಕೆಪಾಸಿಟರ್ ಕೆಟ್ಟರೆ ಹೊಸದು ಸಿಗುತ್ತದೆ, ಬೆಸುಗೆ ಹಾಕಲು ಬಂದವರು ಬದಲಿಸಬಹುದು. ರಿಬ್ಬನ್‌ಗೆ ಕಾವು ಕೊಟ್ಟು ಮತ್ತೆ ಅಂಟಿಸಬಹುದು. ಬಟನ್ ಸೆಲ್ ಹೊಸದು ಹಾಕಬಹುದು. ಕಾಯಿಲೆ ಯಂತ್ರದ ಒಳಗೇ ಇದೆ, ಮದ್ದು ಬಳಸುವವರ ಕೈಗೆ ಎಟಕುತ್ತದೆ.

ನಂಟು ಹೊರಗೆ ಹೋದದ್ದು ಯಾವಾಗ

ಇದು ಒಂದೇ ದಿನದಲ್ಲಿ ಆದದ್ದಲ್ಲ. ಸೋನಿಯ ಕೈಯಲ್ಲಿ ಹಿಡಿಯುವ ಯಂತ್ರ ಪಿಎಸ್‌ಪಿ 2004ರ ಕೊನೆಯಲ್ಲಿ ಬಂದಾಗ ಗೇಮ್‌ಗಳು ಯುಎಮ್‌ಡಿ ಎಂಬ ಪುಟ್ಟ ಡಿಸ್ಕ್‌ಗಳಲ್ಲಿದ್ದವು. ಆಮೇಲೆ ಆನ್‌ಲೈನ್ ಅಂಗಡಿ ಬಂತು. 2011ರ ಪಿಎಸ್ ವೀಟಾ ಬಹಳ ಸುಂದರ ಯಂತ್ರ, ಆದರೆ ಅದಕ್ಕೆ ಸೋನಿಯದ್ದೇ ಮೆಮೊರಿ ಕಾರ್ಡ್ ಬೇಕು. ಸಾಮಾನ್ಯ ಕಾರ್ಡ್ ಹಿಡಿಸುವುದಿಲ್ಲ. ಯಂತ್ರಕ್ಕೇ ಮಾರುಕಟ್ಟೆ ಮುಗಿದ ಮೇಲೆ ಆ ಕಾರ್ಡುಗಳೂ ಅಪರೂಪವಾದವು. ಒಳ್ಳೆಯ ಹಾರ್ಡ್‌ವೇರನ್ನು ಒಂದು ಸಣ್ಣ ನಿರ್ಧಾರ ಹೇಗೆ ಕಟ್ಟಿಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ.

2021ರ ಮಾರ್ಚ್‌ನಲ್ಲಿ ಸೋನಿ ತನ್ನ ಪಿಎಸ್‌3 (ಪ್ಲೇಸ್ಟೇಷನ್ 3), ವೀಟಾ, ಪಿಎಸ್‌ಪಿ ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿತು. ಆಟಗಾರರು ಸಿಟ್ಟಾದರು. ಮುಂದಿನ ತಿಂಗಳೇ ಪಿಎಸ್‌3 ಮತ್ತು ವೀಟಾ ಅಂಗಡಿಗಳನ್ನು ಉಳಿಸುವುದಾಗಿ ಸೋನಿ ಮಾತು ಬದಲಿಸಿತು. ನಿಂಟೆಂಡೊ ಹಾಗೆ ಮಾಡಲಿಲ್ಲ. 2023ರ ಮಾರ್ಚ್ 27ರಂದು ಅದರ ಹಳೆಯ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಖರೀದಿ ನಿಂತಿತು. 2024ರ ಏಪ್ರಿಲ್‌ನಲ್ಲಿ ಅವುಗಳ ಆನ್‌ಲೈನ್ ಆಟವೂ ನಿಂತಿತು. ಬರೀ ಡೌನ್‌ಲೋಡ್ ಆಗಿ ಮಾತ್ರ ಸಿಗುತ್ತಿದ್ದ ನೂರಾರು ಗೇಮ್‌ಗಳನ್ನು ಈಗ ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಪ್ರಕರಣ ಪಿಎಸ್‌4ರದ್ದು. ಆ ಕನ್ಸೋಲ್‌ನಲ್ಲಿ ಗಡಿಯಾರ ನಡೆಸಲು ಒಂದು ಬಟನ್ ಸೆಲ್ ಇದೆ. ಆ ಸೆಲ್ ಸತ್ತು, ಕನ್ಸೋಲ್‌ಗೆ ಸೋನಿಯ ಸರ್ವರ್ ಕೂಡ ಸಿಗದಿದ್ದರೆ ಡಿಸ್ಕ್‌ನಲ್ಲಿದ್ದ ಗೇಮ್ ಸಹ ಶುರುವಾಗುತ್ತಿರಲಿಲ್ಲ. ಯಾಕೆ? ಆಟದಲ್ಲಿನ ಸಾಧನೆಗೆ ಸಿಗುವ ಟ್ರೋಫಿಗಳನ್ನು ಯಾವಾಗ ಗೆದ್ದಿರಿ ಎಂಬ ಸಮಯವನ್ನು ಯಾರೂ ತಿದ್ದಬಾರದೆಂದು ಇಟ್ಟ ತಪಾಸಣೆ ಅದಕ್ಕೆ ಅಡ್ಡ ಬರುತ್ತಿತ್ತು. ಅಂದರೆ ಡಿಸ್ಕ್ ಸರಿಯಾಗಿದೆ, ಯಂತ್ರ ಸರಿಯಾಗಿದೆ, ಆದರೂ ಸರ್ವರ್ ನಿಂತ ಮೇಲೆ, ಸೆಲ್ ಸತ್ತಂತೆಲ್ಲ ಪಿಎಸ್‌4ಗಳು ಒಂದೊಂದಾಗಿ ಮೂಕವಾಗುವ ಸಾಧ್ಯತೆ ಇತ್ತು. 2021ರ ಸೆಪ್ಟೆಂಬರ್‌ನ 9.00 ಅಪ್‌ಡೇಟ್‌ನಲ್ಲಿ ಸೋನಿ ಇದನ್ನು ಸರಿಪಡಿಸಿತು. ದೊಡ್ಡ ಸದ್ದಿಲ್ಲದೆ ಆದ ಈ ಕೆಲಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಬಹಳ ಮುಖ್ಯವಾಗುತ್ತದೆ.

ಕಂಪನಿಗಳು ಹೇಳುವುದರಲ್ಲಿ ನಿಜವೆಷ್ಟು

ಕೀ ಕಾರ್ಡ್ ಪರ ಇರುವ ವಾದಗಳು ಪೊಳ್ಳಲ್ಲ. ಮೊದಲನೆಯದು ಖರ್ಚು. ಕಾರ್ಡಿನ ಗಾತ್ರ ಹೆಚ್ಚಿದಷ್ಟೂ ತಯಾರಿಕೆಯ ಖರ್ಚು ಹೆಚ್ಚುತ್ತದೆ. ಡಿಸ್ಕ್ ಹಾಗಲ್ಲ. ಡಿಸ್ಕ್‌ನಲ್ಲಿ 5 ಜಿಬಿ ತುಂಬಿಸಿದರೂ 50 ಜಿಬಿ ತುಂಬಿಸಿದರೂ ಒತ್ತುವ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಹಾಗಾಗಿ ಒಂದೇ ಗೇಮ್ ಅನ್ನು ಹಲವು ಕನ್ಸೋಲ್‌ಗಳಿಗೆ ಮಾಡುವ ಕಂಪನಿಗೆ ಸ್ವಿಚ್ 2ರ ಕಾರ್ಡ್ ಭಾರವೆನಿಸುತ್ತದೆ. ಸಣ್ಣ ತಂಡಗಳಿಗಂತೂ ಪೂರ್ತಿ ಕಾರ್ಡ್ ಎಂದರೆ ಲಾಭವೇ ಕರಗಿಹೋಗಬಹುದು.

ಎರಡನೆಯದು ವೇಗ. ಈಗಿನ ದೊಡ್ಡ ಗೇಮ್‌ಗಳು ನೀವು ನಡೆದಾಡುತ್ತಿರುವಾಗಲೇ ಮುಂದಿನ ಜಗತ್ತನ್ನು ಓದಿಕೊಳ್ಳುತ್ತಿರುತ್ತವೆ. ಕಾರ್ಡಿನಿಂದ ಓದುವ ವೇಗ ಕನ್ಸೋಲ್‌ನ ಒಳಗಿನ ಸ್ಟೋರೇಜ್‌ಗಿಂತ ಕಡಿಮೆ. 'ಸ್ಟಾರ್ ವಾರ್ಸ್ ಔಟ್‌ಲಾಸ್' ಗೇಮನ್ನು ಕೀ ಕಾರ್ಡಾಗಿ ತಂದದ್ದಕ್ಕೆ ಖರ್ಚಿಗಿಂತ ಈ ವೇಗವೇ ಕಾರಣ ಎಂದು ಅದರಲ್ಲಿ ಕೆಲಸ ಮಾಡಿದ ಯೂಬಿಸಾಫ್ಟ್ ಡೆವಲಪರ್ ಒಬ್ಬರು ವಿವರಿಸಿದ್ದರು. ವೇಗದ ಡ್ರೈವ್ ಇರುವ ಯಂತ್ರಗಳಿಗೆಂದು ಮೊದಲೇ ಕಟ್ಟಿದ ಗೇಮ್ ಅದು. ಈ ಮಾತನ್ನು ನಂಬಲು ತಾಂತ್ರಿಕ ಕಾರಣಗಳಿವೆ.

ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ವೇಗವೇ ತೊಂದರೆಯಾದರೆ ಪೂರ್ತಿ ಗೇಮನ್ನು ಕಾರ್ಡಿನಲ್ಲಿಟ್ಟು, ಅಲ್ಲಿಂದ ಒಳಗಿನ ಸ್ಟೋರೇಜ್‌ಗೆ ನಕಲು ಮಾಡಬಹುದಲ್ವಾ? ಪಿಎಸ್‌5, ಎಕ್ಸ್‌ಬಾಕ್ಸ್‌ಗಳು ಡಿಸ್ಕ್‌ನಿಂದ ಮಾಡುವುದು ಅದನ್ನೇ. ಹಾಗೆ ಮಾಡಿದರೆ ಸರ್ವರ್ ಬೇಕಾಗಿಲ್ಲ. ಮಾಡದಿರಲು ಉಳಿಯುವ ಕಾರಣ ಮತ್ತೆ ಖರ್ಚೇ. ಅಂದರೆ ವೇಗದ ವಾದ ನಿಜವಾದರೂ ಅದು ಅರ್ಧ ಉತ್ತರ.

ಮೂರನೆಯ ವಾದ ಪ್ಯಾಚ್‌ಗಳದ್ದು, ಅಂದರೆ ದೋಷ ಸರಿಪಡಿಸಲು ಆಮೇಲೆ ಬರುವ ಅಪ್‌ಡೇಟ್‌ಗಳದ್ದು. ಪೂರ್ತಿ ಕಾರ್ಡ್ ಕೊಟ್ಟರೂ ಮೊದಲ ದಿನವೇ ಹಲವು ಜಿಬಿ ಅಪ್‌ಡೇಟ್ ಇಳಿಸಬೇಕಾಗುತ್ತದೆ. ಕಾರ್ಡಿನಲ್ಲಿರುವುದು ಹೇಗೂ ಅರೆಬೆಂದ ಗೇಮ್, ಅದನ್ನು ಕಾಪಾಡಿ ಏನು ಪ್ರಯೋಜನ ಎಂದು ಕೇಳುತ್ತಾರೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ದೋಷಗಳಿರುವ ಗೇಮನ್ನು ಆಡಬಹುದು, ಅಧ್ಯಯನ ಮಾಡಬಹುದು, ಮುಂದೆ ಯಾರಾದರೂ ಸರಿಪಡಿಸಲೂಬಹುದು. ಇಲ್ಲದ ಗೇಮನ್ನು ಏನು ಮಾಡುವುದು?

ಗ್ರಂಥಾಲಯದ ಬಾಗಿಲಲ್ಲಿ

ಆಟಗಾರರ ಸಿಟ್ಟನ್ನು ಬರೀ ಸಂಗ್ರಾಹಕರ ಹಠ ಎಂದು ತಳ್ಳಿಹಾಕುವವರಿದ್ದಾರೆ. ಆದರೆ 2025ರಲ್ಲಿ ಜಪಾನಿನ ರಾಷ್ಟ್ರೀಯ ಗ್ರಂಥಾಲಯದಿಂದ ಬಂದ ಉತ್ತರ ನೋಡಿ. ಆ ಗ್ರಂಥಾಲಯ ಪುಸ್ತಕಗಳ ಜೊತೆ ಗೇಮ್‌ಗಳನ್ನೂ ಸಂಗ್ರಹಿಸುತ್ತದೆ. ಕೀ ಕಾರ್ಡಿನಲ್ಲಿ ಕೃತಿಯೇ ಇಲ್ಲದ ಕಾರಣ ಅದು ತನ್ನ ಸಂಗ್ರಹದ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು ತಿಳಿಸಿತು. ನಿಂಟೆಂಡೊ ಹುಟ್ಟಿದ ದೇಶದ ಗ್ರಂಥಾಲಯವೇ ಈ ಕಾರ್ಡನ್ನು ಗೇಮ್ ಎಂದು ಪರಿಗಣಿಸುತ್ತಿಲ್ಲ.

ಕಾಪಾಡುವ ಕೆಲಸ ಈಗಾಗಲೇ ಹಿಂದೆ ಬಿದ್ದಿದೆ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗೇಮ್ ಬಾಯ್ ಗೇಮ್‌ಗಳಲ್ಲಿ ಸಿಗುವುದು ಶೇ 6ಕ್ಕಿಂತ ಕಡಿಮೆ. ಉಳಿದವನ್ನು ಆಡಬೇಕೆಂದರೆ ಹಳೆಯ ಕಾರ್ಟ್ರಿಜ್ ಹುಡುಕಬೇಕು, ಇಲ್ಲವೇ ಪೈರಸಿ. ಸಂಶೋಧಕರಿಗೆ ಇಂಥ ಗೇಮ್‌ಗಳನ್ನು ದೂರದಿಂದಲೇ ಆಡಲು ಕೊಡಲು ಗ್ರಂಥಾಲಯಗಳಿಗೆ ಅವಕಾಶ ಬೇಕು ಎಂಬ ಕೋರಿಕೆ ಅಮೆರಿಕದ ಕಾಪಿರೈಟ್ ಕಚೇರಿಯ ಮುಂದಿತ್ತು. 2024ರ ಅಕ್ಟೋಬರ್‌ನಲ್ಲಿ ಅದು ತಿರಸ್ಕೃತವಾಯಿತು. ಉದ್ಯಮದ ಸಂಘಟನೆ ಅದನ್ನು ವಿರೋಧಿಸಿತ್ತು. ಹಳೆಯ ಗೇಮ್‌ಗಳನ್ನು ಮತ್ತೆ ಮಾರುವ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆ ಎಂಬುದು ಅವರ ಆತಂಕ.

ಈಗ ಎರಡನ್ನೂ ಜೋಡಿಸಿ. ಮಾರಾಟ ನಿಂತ ಗೇಮ್ ಬಾಯ್ ಗೇಮ್‌ಗೆ ಕೊನೆಯ ಪಕ್ಷ ಕಾರ್ಟ್ರಿಜ್ ಇದೆ. ಕಾನೂನು ಬಾಗಿಲು ಮುಚ್ಚಿದರೂ ವಸ್ತು ಉಳಿಯುತ್ತದೆ. ಮಾರಾಟ ನಿಂತು, ಸರ್ವರ್ ಕೂಡ ನಿಂತ ಕೀ ಕಾರ್ಡ್ ಗೇಮ್‌ಗೆ ಆ ಆಸರೆಯೂ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಮೇಲೆ ಬೀಳುವ ಹೊರೆ

ಈ ವಿಷಯ ಸುದ್ದಿಗಳಲ್ಲಿ ಬಿಡಿಬಿಡಿಯಾಗಿ ಬಂದಿದೆ, ಒಟ್ಟಿಗೆ ನೋಡಿದವರು ಕಡಿಮೆ. 2025ರ ಮೇ ತಿಂಗಳಲ್ಲಿ ನಿಂಟೆಂಡೊ ತನ್ನ ಬಳಕೆದಾರ ಒಪ್ಪಂದವನ್ನು ಬದಲಿಸಿತು. ಅಮೆರಿಕದ ಆವೃತ್ತಿಯಲ್ಲಿ, ನಿಯಮ ಮುರಿದರೆ ಖಾತೆಯನ್ನಷ್ಟೇ ಅಲ್ಲ, ಯಂತ್ರವನ್ನೇ ಪೂರ್ತಿಯಾಗಿ ಅಥವಾ ಭಾಗಶಃ ಶಾಶ್ವತವಾಗಿ ಬಳಸಲಾಗದಂತೆ ಮಾಡಬಹುದು ಎಂಬ ಮಾತು ಸೇರಿತು. ಸ್ವಿಚ್ 2 ಬಂದ ಕೆಲವೇ ವಾರಗಳಲ್ಲಿ, ನಕಲು ಗೇಮ್ ಓಡಿಸಬಲ್ಲ ಮಿಗ್ ಎಂಬ ಕಾರ್ಡ್ ಹಾಕಿದವರ ಕನ್ಸೋಲ್‌ಗಳಿಗೆ ಆನ್‌ಲೈನ್ ನಿಷೇಧ ಬಿತ್ತು.

ಪೈರಸಿ ತಡೆಯುವ ಹಕ್ಕು ಕಂಪನಿಗಿದೆ. ಆದರೆ ನಿಷೇಧ ಬೀಳುವುದು ಕನ್ಸೋಲ್‌ನ ಮೇಲೆ. ಅದನ್ನು ಆಮೇಲೆ ಕೊಂಡವರು ಯಾವ ತಪ್ಪೂ ಮಾಡಿರುವುದಿಲ್ಲ. ಗೇಮ್ ಬಾಯ್ ಕಾಲದಲ್ಲಿ ಹಳೆಯ ಯಂತ್ರದ ಪರದೆ, ಬಟನ್, ಸೆಲ್ ಜಾಗದ ತುಕ್ಕು ನೋಡಿದರೆ ಸಾಕಿತ್ತು. ಈಗ ಹೊರಗಿನಿಂದ ಹೊಳೆಯುವ ಯಂತ್ರವೂ ಒಳಗೆ ನಿಷೇಧಕ್ಕೊಳಗಾಗಿರಬಹುದು. ಅಂಥ ಯಂತ್ರದಲ್ಲಿ ಪೂರ್ತಿ ಕಾರ್ಡಿನ ಗೇಮ್ ಇನ್ನೂ ನಡೆಯಬಹುದು. ಕೀ ಕಾರ್ಡ್ ಮಾತ್ರ ಪ್ರಯೋಜನಕ್ಕೆ ಬರುವುದಿಲ್ಲ, ಯಾಕೆಂದರೆ ಇಳಿಸಿಕೊಳ್ಳಲು ಬೇಕಾದ ಬಾಗಿಲೇ ಮುಚ್ಚಿರುತ್ತದೆ.

ಇದರಿಂದ ಮುಂದೆ ಆಗಬಹುದಾದದ್ದನ್ನು ಊಹಿಸುವುದು ಕಷ್ಟವಲ್ಲ. ಪೂರ್ತಿ ಗೇಮ್ ಇರುವ ಕಾರ್ಡುಗಳ ಮರುಮಾರಾಟದ ಬೆಲೆ ನಿಲ್ಲುತ್ತದೆ. ಕೀ ಕಾರ್ಡುಗಳ ಬೆಲೆ ಯಂತ್ರ ಹಳೆಯದಾದಂತೆ ಕುಸಿಯುತ್ತದೆ. ಎರಡೂ ಒಂದೇ ಬೆಲೆಗೆ ಹೊಸದಾಗಿ ಮಾರಾಟವಾಗುತ್ತಿದ್ದರೂ ಕೊಳ್ಳುವವರಿಗೆ ಸಿಗುತ್ತಿರುವುದು ಒಂದೇ ವಸ್ತುವಲ್ಲ.

ಎಮ್ಯುಲೇಟರ್ ಇದೆಯಲ್ಲ ಎನ್ನುವವರಿಗೆ

ಎಮ್ಯುಲೇಟರ್ ಎಂದರೆ ಒಂದು ಯಂತ್ರವನ್ನು ಅನುಕರಿಸಿ ಅದರ ಗೇಮ್‌ಗಳನ್ನು ಬೇರೆ ಯಂತ್ರದಲ್ಲಿ ಓಡಿಸುವ ಸಾಫ್ಟ್‌ವೇರ್. ಕಂಪನಿಗಳು ಬಿಟ್ಟದ್ದನ್ನು ಅಭಿಮಾನಿಗಳು ಉಳಿಸುತ್ತಾರೆ ಎಂಬ ಧೈರ್ಯ ಬಹಳ ಜನರಲ್ಲಿದೆ. ಇಲ್ಲಿಯವರೆಗಿನ ಇತಿಹಾಸ ಅದಕ್ಕೆ ಬೆಂಬಲವೂ ಕೊಡುತ್ತದೆ. ಆನ್‌ಬರ್ನಿಕ್, ಮಿಯೂ, ರೆಟ್ರಾಯ್ಡ್ ಮುಂತಾದ ಕಂಪನಿಗಳ ಪುಟ್ಟ ಯಂತ್ರಗಳು ಹತ್ತಾರು ಹಳೆಯ ಕನ್ಸೋಲ್‌ಗಳ ಗೇಮ್‌ಗಳನ್ನು ಅನುಕರಿಸಿ ಓಡಿಸುತ್ತವೆ. ಅವುಗಳ ಪರದೆಗಳು ಮೂಲ ಯಂತ್ರಗಳಿಗಿಂತ ಎಷ್ಟೋ ಚೆನ್ನಾಗಿವೆ. ಆದರೆ ಹಲವು ಮಾರಾಟಗಾರರು ಸಾವಿರಾರು ಗೇಮ್ ತುಂಬಿದ ಮೆಮೊರಿ ಕಾರ್ಡ್ ಜೊತೆಗೇ ಕೊಡುತ್ತಾರೆ. ಅದು ಹಕ್ಕುಸ್ವಾಮ್ಯದ ನೇರ ಉಲ್ಲಂಘನೆ, ಆ ಕಾರ್ಡುಗಳ ಗುಣಮಟ್ಟವೂ ಕಳಪೆ. ಈ ಯಂತ್ರಗಳ ಜೀವಾಳ ಸ್ವಯಂಸೇವಕರು ವರ್ಷಗಟ್ಟಲೆ ಬರೆದ ಸಾಫ್ಟ್‌ವೇರ್. ಅವರಿಗೆ ಅದರಿಂದ ಸಿಗುವುದು ಬಹಳ ಕಡಿಮೆ.

ಇನ್ನೊಂದು ದಾರಿ ಎಫ್‌ಪಿಜಿಎ. ಇದು ಸಾಫ್ಟ್‌ವೇರ್‌ನಿಂದ ನಟಿಸುವ ಬದಲು, ಬೇಕಾದಂತೆ ಮರುಜೋಡಿಸಬಲ್ಲ ಚಿಪ್ಪಿನಲ್ಲಿ ಹಳೆಯ ಯಂತ್ರದ ಸರ್ಕ್ಯೂಟನ್ನೇ ಮರಳಿ ಕಟ್ಟುವ ವಿಧಾನ. 2021ರ ಕೊನೆಯಲ್ಲಿ ಬಂದ ಅನಲಾಗ್ ಪಾಕೆಟ್ ಹೀಗೆ ಕೆಲಸ ಮಾಡುತ್ತದೆ. ಅದರ ಪರದೆಯಲ್ಲಿ 1600 ಅಡ್ಡ, 1440 ಉದ್ದದ ಚುಕ್ಕೆಗಳಿವೆ. ಅಂದರೆ ಗೇಮ್ ಬಾಯ್‌ನ ಒಂದೊಂದು ಚುಕ್ಕೆಯೂ ಸರಿಯಾಗಿ ಹತ್ತು ಪಟ್ಟು ದೊಡ್ಡದಾಗಿ, ಮಸುಕಿಲ್ಲದೆ ಮೂಡುತ್ತದೆ. ಹಳೆಯ ಕಾರ್ಟ್ರಿಜ್ಜನ್ನು ಹಾಗೇ ಹಾಕಬಹುದು. ಹಳೆಯ ಹಾರ್ಡ್‌ವೇರ್‌ಗೆ ಇಷ್ಟು ಗೌರವ ಕೊಟ್ಟು ಮಾಡಿದ ಹೊಸ ಯಂತ್ರವನ್ನು ನೋಡಿದರೆ ಖುಷಿಯಾಗುತ್ತದೆ.

ಆದರೆ ಗಮನಿಸಿ, ಪಾಕೆಟ್ ಸಾಧ್ಯವಾದದ್ದು ಕಾರ್ಟ್ರಿಜ್‌ನಲ್ಲಿ ಗೇಮ್ ಇದ್ದದ್ದರಿಂದ. ಮೂವತ್ತು ವರ್ಷದ ನಂತರ ಯಾರೋ ಸ್ವಿಚ್ 2ಕ್ಕೆ ಇಂಥದ್ದೇ ಯಂತ್ರ ಕಟ್ಟಿದರೂ ಕೀ ಕಾರ್ಡ್ ಹಾಕಿದರೆ ಅದಕ್ಕೆ ಓದಲು ಏನೂ ಸಿಗುವುದಿಲ್ಲ. ಸರ್ವರ್ ಬದುಕಿರುವಾಗಲೇ ಯಾರಾದರೂ ಗೂಢಲಿಪಿ ಮುರಿದು ಗೇಮನ್ನು ತೆಗೆದಿಟ್ಟಿದ್ದರೆ ಮಾತ್ರ ಅದು ಉಳಿದಿರುತ್ತದೆ. ಆ ದಾರಿಯಲ್ಲಿ ಕಾನೂನು ಕಾದು ಕೂತಿದೆ. ಸ್ವಿಚ್ ಎಮ್ಯುಲೇಟರ್ 'ಯೂಜು' ವಿರುದ್ಧ ನಿಂಟೆಂಡೊ 2024ರ ಫೆಬ್ರುವರಿಯಲ್ಲಿ ಮೊಕದ್ದಮೆ ಹೂಡಿತು. ಮುಂದಿನ ತಿಂಗಳೇ 24 ಲಕ್ಷ ಡಾಲರ್ ರಾಜಿಯಲ್ಲಿ ಯೂಜು ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಸ್ವಿಚ್ ಎಮ್ಯುಲೇಟರ್ 'ರ್ಯುಜಿಂಕ್ಸ್' ಕೂಡ ನಿಂತಿತು. ಯೂಜು ಪ್ರಕರಣದಲ್ಲಿ ಮುಖ್ಯ ಆರೋಪವಿದ್ದದ್ದು ಗೂಢಲಿಪಿಯ ರಕ್ಷಣೆಯನ್ನು ಮೀರಲು ನೆರವಾದದ್ದರ ಬಗ್ಗೆ. ಮಾರಾಟದಲ್ಲಿರುವ ಕನ್ಸೋಲ್‌ಗೆ ಎಮ್ಯುಲೇಟರ್ ಹಂಚುವುದರಿಂದ ಪೈರಸಿ ಹೆಚ್ಚುತ್ತದೆ ಎಂಬ ನಿಂಟೆಂಡೊ ಮಾತನ್ನು ಸುಳ್ಳೆನ್ನಲಾಗದು. ಹಾಗಾದರೆ ಉಳಿಸುವ ಕೆಲಸ ಕಾನೂನುಬದ್ಧವಾಗಿ ಯಾವಾಗ, ಯಾರಿಂದ ಆಗಬೇಕು? ಈ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಬ್ಯಾಟರಿಯ ಮಾತು

ಸರ್ವರ್ ಒಂದೇ ಅಲ್ಲ, ಯಂತ್ರದ ದೇಹವೂ ಇದೇ ದಾರಿ ಹಿಡಿದಿದೆ. ರಿಪೇರಿಯ ಸುಲಭತೆಯನ್ನು ಅಳೆಯುವ ಐಫಿಕ್ಸಿಟ್ ಸ್ವಿಚ್ 2ಕ್ಕೆ 10ರಲ್ಲಿ 3 ಅಂಕ ಕೊಟ್ಟಿತು. ಬ್ಯಾಟರಿಯನ್ನು ಗಟ್ಟಿಯಾಗಿ ಅಂಟಿಸಿರುವುದು ಒಂದು ದೊಡ್ಡ ಕಾರಣ. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ಸವೆಯುತ್ತದೆ. ಹಾಗಾಗಿ ಬ್ಯಾಟರಿ ಬದಲಿಸುವುದು ಕೈಯಲ್ಲಿ ಹಿಡಿಯುವ ಪ್ರತಿ ಯಂತ್ರಕ್ಕೂ ಒಂದಲ್ಲ ಒಂದು ದಿನ ಬರಲೇಬೇಕಾದ ರಿಪೇರಿ. ಅದನ್ನೇ ಕಷ್ಟ ಮಾಡಿಡುವುದು ನನ್ನ ಪ್ರಕಾರ ಕೆಟ್ಟ ವಿನ್ಯಾಸ. ಯಂತ್ರ ತೆಳ್ಳಗಿರಬೇಕು, ಬಿಗಿಯಾಗಿರಬೇಕು ಎಂಬ ಕಾರಣ ಇದಕ್ಕೆ ಸಾಲದು. ವಾಲ್ವ್ ಕಂಪನಿಯ ಇಂಥದ್ದೇ ಆಟದ ಯಂತ್ರ ಸ್ಟೀಮ್ ಡೆಕ್‌ಗೆ ಬಿಡಿಭಾಗಗಳು ಅಧಿಕೃತವಾಗಿಯೇ ಸಿಗುತ್ತವೆ. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲೂ ತಡೆಯಿಲ್ಲ. ಅದರ ಬ್ಯಾಟರಿಗೂ ಅಂಟು ಇದೆ, ಅಷ್ಟರ ಮಟ್ಟಿಗೆ ಅದೂ ಪರಿಪೂರ್ಣವಲ್ಲ.

ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಕೆಲವು ವಿನಾಯಿತಿಗಳಿವೆ. ಆದರೂ ಒಂದು ದೊಡ್ಡ ಮಾರುಕಟ್ಟೆಗೆಂದು ವಿನ್ಯಾಸ ಬದಲಿಸಿದ ಮೇಲೆ ಉಳಿದ ಕಡೆಗೆ ಬೇರೆಯದನ್ನೇ ಮಾಡುವುದು ದುಬಾರಿ. ಹಾಗಾಗಿ ಇದರ ಲಾಭ ಐರೋಪ್ಯ ದೇಶಗಳಾಚೆಗೂ ಹರಿಯುವ ಸಾಧ್ಯತೆ ಇದೆ.

ಕೇಳಬಹುದಾದ್ದು ಏನು

ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಯಲ್ಲಿ 'ದಿ ಕ್ರೂ' ಗೇಮ್‌ನ ಸರ್ವರ್ ಮುಚ್ಚಿದಾಗ ಕೊಂಡವರಿಗೂ ಅದು ಸಿಗದಂತಾಯಿತು. ಆ ಸಿಟ್ಟಿನಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಐರೋಪ್ಯ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು. ಬೆಂಬಲ ನಿಲ್ಲಿಸುವಾಗ ಗೇಮನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದು ಅವರ ಬೇಡಿಕೆ. ಎಂದೆಂದಿಗೂ ಸರ್ವರ್ ನಡೆಸಿ ಎಂದು ಅವರು ಕೇಳುತ್ತಿಲ್ಲ. ಕ್ಯಾಲಿಫೋರ್ನಿಯದಲ್ಲಿ 2025ರ ಆರಂಭದಿಂದ ಜಾರಿಯಲ್ಲಿರುವ ಕಾನೂನು ಇನ್ನೂ ಮೆತ್ತಗಿದೆ. ಡಿಜಿಟಲ್ ಅಂಗಡಿಗಳು ತಾವು ಮಾರುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕು, ಅಷ್ಟೇ. ಹೇಳಿದ ಮಾತ್ರಕ್ಕೆ ಗೇಮ್ ಉಳಿಯುವುದಿಲ್ಲ.

ಕನ್ಸೋಲ್‌ಗಳ ವಿಷಯದಲ್ಲಿ ಕೇಳಬೇಕಾದದ್ದು ಇದೇ ಜಾಡಿನದು: ಕೊನೆಯ ಅಪ್‌ಡೇಟ್. ಸರ್ವರ್ ನಿಲ್ಲಿಸುವ ಮೊದಲು ಕಂಪನಿ ಒಂದು ಅಂತಿಮ ಅಪ್‌ಡೇಟ್ ಕೊಡಬೇಕು. ಅದಾದ ಮೇಲೆ ಕೀ ಕಾರ್ಡ್ ಇರುವವರು ತಮ್ಮ ಗೇಮ್‌ನ ಪ್ರತಿಯನ್ನು ಬೇರೆ ಸ್ಟೋರೇಜ್‌ನಲ್ಲಿ ಇಟ್ಟುಕೊಂಡು, ಮತ್ತೊಂದು ಸ್ವಿಚ್ 2ಕ್ಕೂ ಹಾಕಿಕೊಳ್ಳುವಂತಿರಬೇಕು. ಕಾರ್ಡ್ ಒಳಗಿದ್ದರೆ ಮಾತ್ರ ಆಡಬಹುದು ಎಂಬ ನಿಯಮವನ್ನು ಹಾಗೇ ಇಡಲಿ, ಯಾರೂ ಬೇಡ ಎನ್ನುವುದಿಲ್ಲ. ಇದು ಆಗದ ಕೆಲಸವೆಂದು ಹೇಳುವವರಿಗೆ ಪಿಎಸ್‌4ರ 9.00 ಅಪ್‌ಡೇಟ್ ತೋರಿಸಬಹುದು. ಕನ್ಸೋಲ್ ತನ್ನ ಸರ್ವರ್ ಇಲ್ಲದೆಯೂ ಬದುಕುವಂತೆ ಮಾಡಲು ತಯಾರಕರಿಗೆ ಸಾಧ್ಯ ಎಂದು ಅದು ತೋರಿಸಿಕೊಟ್ಟಿದೆ. ಬೇಕಿರುವುದು ಮನಸ್ಸು, ಇಲ್ಲವೇ ಕಾನೂನಿನ ಒತ್ತಾಯ.

ಅಲ್ಲಿಯವರೆಗೆ ಕೀ ಕಾರ್ಡ್ ಕೊಳ್ಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಈಗ ಆಡಿ, ಮುಗಿಸಿ, ಮಾರುವವರಿಗೆ ಅದು ಸಾಕು. ಇಟ್ಟುಕೊಳ್ಳಬೇಕು ಎನ್ನುವವರು ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು.

ನಿಂಟೆಂಡೊ ಮುಂದೆ ಹೇಗೆ ನಡೆದುಕೊಳ್ಳಬಹುದು ಎಂದು ತಿಳಿಯಲು ಸ್ವಿಚ್ 2 ಹಳೆಯದಾಗುವವರೆಗೆ ಕಾಯಬೇಕಿಲ್ಲ. 3ಡಿಎಸ್ ಅಂಗಡಿಯಲ್ಲಿ ಖರೀದಿ ನಿಂತಿದ್ದರೂ, ಹಿಂದೆ ಕೊಂಡ ಗೇಮ್‌ಗಳನ್ನು ಮತ್ತೆ ಇಳಿಸಿಕೊಳ್ಳಲು ಸದ್ಯಕ್ಕೆ ಅವಕಾಶ ಉಳಿಸುವುದಾಗಿ ಕಂಪನಿ ಹೇಳಿತ್ತು. ಎಂದೆಂದಿಗೂ ಎಂದು ಹೇಳಿಲ್ಲ. ಆ ಸರ್ವರ್ ನಿಲ್ಲಿಸುವ ದಿನ ಘೋಷಣೆಯಾದಾಗ, ಅದರ ಜೊತೆ ಆಟಗಾರರಿಗೆ ಏನಾದರೂ ದಾರಿ ಕೊಡುತ್ತಾರೋ, ಇಲ್ಲ ಸುಮ್ನೆ ಒಂದು ಗಡುವು ಹೇಳಿ ಮುಗಿಸುತ್ತಾರೋ ನೋಡಬೇಕು.